ಆ ಗುಂಡಿಯಿಂದಲ್ಲ

ನೀಲಿ ಬೆಳಕಿನ ಸಣ್ಣ ಬಿಲ್ಲೆಯೊಂದು ನನ್ನ ಕಡೆಗೆ ಬರುತ್ತಿದೆ, ಮೆಲ್ಲಗೆ, ಎಲ್ಲಿ ಹೆದರಿಬಿಡುತ್ತಾಳೋ ಅನ್ನುವ ಹಾಗೆ, ಗದ್ದ ಇಲ್ಲಿಡಿ ಅಮ್ಮ, ಹಣೆ ಮುಂದಕ್ಕೆ ಒತ್ತಿ, ಕಣ್ಣು ಅಗಲಿಸಿ, ಉಸಿರು ಹಿಡೀಬೇಡಿ — ಉಸಿರು ನಾನು ಹಿಡಿಯುವುದಲ್ಲ, ತಾನಾಗಿ ನಿಲ್ಲುತ್ತದೆ, ಸೂಜಿಗೆ ದಾರ ಪೋಣಿಸುವಾಗ ನಿಲ್ಲುತ್ತಿತ್ತಲ್ಲ ಹಾಗೆ — ಬಲಗಣ್ಣಿಗೆ ಬೆಳಕು ಬಂದದ್ದು ಕಾಣುತ್ತದೆ, ಎಡಗಣ್ಣಿನ ಸರದಿಗೆ ಏನೂ ಇಲ್ಲ, ಡಾಕ್ಟರಮ್ಮನ ಉಸಿರು ಕೆನ್ನೆಗೆ ತಾಗಿದಾಗ ಓ ಬಂತು ಅಂದುಕೊಳ್ಳುವುದು, ಅಷ್ಟೆ. ಒತ್ತಡ ಇಳಿದಿದೆ, ಅನ್ನುತ್ತಾರೆ, ಚಿಕ್ಕ ವಯಸ್ಸಿನ ಡಾಕ್ಟರು, ನನ್ನ ಮಗಳು ಇದ್ದಿದ್ದರೆ ಇವರಿಗಿಂತ ನಾಲ್ಕೈದು ವರ್ಷ ಚಿಕ್ಕವಳಿರುತ್ತಿದ್ದಳು, ಥೂ, ಯಾವ ಹುಡುಗಿಯನ್ನು ನೋಡಿದರೂ ಈ ಲೆಕ್ಕ ಬಿಡುವುದಿಲ್ಲ, ನೋವು ಹೇಗಿದೆ, ನೋವಿಲ್ಲ ಡಾಕ್ಟ್ರೇ, ಆದ್ರೂ ಹನಿ ನಿಲ್ಲಿಸ್ಬೇಡಿ, ಇಲ್ಲ ನಿಲ್ಲಿಸಲ್ಲ. ಹೋದ ದೃಷ್ಟಿ ಮರಳುವುದಿಲ್ಲ ಅಂತ ಮೊದಲ ದಿನವೇ ಹೇಳಿದ್ದರು, ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದು ತೋರಿಸಿದ್ದರು, ಇಲ್ಲಿ ಹಿಂದೆ ಒಂದು ದೊಡ್ಡ ರಕ್ತನಾಳ ಇದೆ, ಇದರಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದಾದ್ಮೇಲೆ ಕಣ್ಣಿಗೆ ರಕ್ತ ಸಾಲದೆ ಅದು ತಾನೇ ಹೊಸ ಹೊಸ ಸಣ್ಣ ನಾಳ ಹುಟ್ಟಿಸ್ಕೊಂಡಿದೆ, ಬೇಕಾದ ಕಡೆ ಅಲ್ಲ, ಬೇಡದ ಕಡೆ, ಕಣ್ಣೊಳಗಿನ ನೀರು ಹೊರಗೆ ಹೋಗೋ ದಾರಿ ಮೇಲೇ ಬೆಳೆದು ಮುಚ್ಚಿಬಿಟ್ಟಿವೆ, ನೀರು ತುಂಬಿ ಒತ್ತಡ ಏರಿದೆ, ಇದಕ್ಕೂ ಗ್ಲಾಕೋಮಾ ಅಂತಲೇ ಹೆಸರು, ಆದ್ರೆ ವಯಸ್ಸಾದೋರಿಗೆ ಸದ್ದಿಲ್ದೆ ಬರುತ್ತಲ್ಲ ಅದಲ್ಲ, ರಕ್ತ ಹೆಪ್ಪುಗಟ್ಟಿ ಬಂದಿದ್ದು. ಬಚ್ಚಲ ತೂಬಿಗೆ ಕೂದಲು ಕಟ್ಟಿಕೊಂಡ ಹಾಗಾ, ಅಂತ ಕೇಳಿದ್ದೆ, ಹೂಂ ಹಾಗೇ ಅಂದ್ಕೊಳ್ಳಿ ಅಂದಿದ್ದರು, ತೂಬಾದರೆ ಕಡ್ಡಿ ಹಾಕಿ ಎಳೆಯಬಹುದಿತ್ತು.

ಶುರುವಾದದ್ದು ಲಾಂಡ್ರಿಯಲ್ಲಿ, ಬೆಳಗಿನ ಹೊತ್ತು, ಕಿಟಕಿ ಪಕ್ಕದ ನನ್ನ ಮೇಜಿನಲ್ಲಿ. ನಾನು ರಫೂ ಮಾಡುವವಳು, ಹುಳು ತಿಂದ ಕೋಟು, ಸಿಗರೇಟಿನ ಕಿಡಿ ಬಿದ್ದ ಪ್ಯಾಂಟು, ಮೊಳೆಗೆ ಸಿಕ್ಕಿ ಹರಿದ ಸ್ವೆಟರು, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು ತೂತಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ನೇಯ್ದುಬಿಟ್ಟರೆ ಹರಿದಿತ್ತು ಅನ್ನುವುದು ಹರಿದವನಿಗೇ ಮರೆತುಹೋಗಬೇಕು, ಹಾಗೆ. ಅವತ್ತು ಒಂದು ಬೂದಿ ಬಣ್ಣದ ಕೋಟಿನ ಮೊಣಕೈ ಹಿಡಿದುಕೊಂಡು ಕೂತಿದ್ದೆ, ತೂತು ಇದ್ದಕ್ಕಿದ್ದ ಹಾಗೆ ದೊಡ್ಡದಾಯಿತು, ಕೋಟಿನದ್ದಲ್ಲ, ನನ್ನದು, ಎಡಗಣ್ಣ ಮುಂದೆ ಯಾರೋ ಒಗೆದ ಬೆಡ್‌ಶೀಟು ನೇತುಹಾಕಿದ ಹಾಗೆ. ಯಾರಿಗೂ ಹೇಳಲಿಲ್ಲ, ನನ್ನ ಗಂಡ, ಅವರು ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ, ಅತ್ತೂ ಅತ್ತೂ ಕಣ್ಣು ಮಂಜಾಗಿದೆ, ತಾನಾಗಿ ಸರಿಹೋಗುತ್ತದೆ ಅಂದುಕೊಂಡೆ, ಒಂದು ಕಣ್ಣು ಸಾಕಲ್ಲ ಅಂದುಕೊಂಡೆ, ಸಾಲುವುದಿಲ್ಲ, ಒಂಟಿ ಕಣ್ಣಿಗೆ ಸೂಜಿ ಹತ್ತಿರ ಇದೆಯೋ ದೂರ ಇದೆಯೋ ತಿಳಿಯುವುದಿಲ್ಲ, ದಾರ ಸೂಜಿಯ ಪಕ್ಕದಲ್ಲೇ ಹಾದುಹೋಗುತ್ತದೆ, ಪರಿಚಯವಿದ್ದೂ ಮಾತಾಡಿಸದೆ ಹೋಗುವ ನೆಂಟರ ಹಾಗೆ. ಆಮೇಲೆ ಒಂದು ಮಧ್ಯಾಹ್ನ ನೋವು ಬಂತು, ಅದು ಕಣ್ಣುನೋವೇ ಅಲ್ಲ, ಅರ್ಧ ತಲೆಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಒತ್ತಿದ ಹಾಗೆ, ಹೊಟ್ಟೆಯಲ್ಲಿದ್ದುದೆಲ್ಲ ವಾಂತಿಯಾಗಿ ಒಗೆಯುವ ಬಟ್ಟೆಯ ರಾಶಿಯ ಮೇಲೇ ಕುಸಿದೆ, ಇಸ್ತ್ರಿಯವರು ಇಸ್ತ್ರಿಪೆಟ್ಟಿಗೆ ಅಲ್ಲೇ ಬಿಟ್ಟು ಓಡಿ ಬಂದರು, ಯಾರದೋ ಅಂಗಿ ಸುಟ್ಟಿತು, ಲಾಂಡ್ರಿಯ ಯಜಮಾನರು ಅಕ್ಕನಿಗೆ ಫೋನ್ ಮಾಡಿದರು. ಕಣ್ಣಿಗೆ ಕಾಣದ ಹಾಗೆ ಹೊಲಿಯೋದು ನಿಮ್ಮ ಕಸುಬು, ಈಗ ನಿಮಗೇ ಕಾಣದ ಹಾಗಾಯ್ತಲ್ಲಮ್ಮ, ಅಂದರು ಯಜಮಾನರು ಆಮೇಲೆ ಒಂದು ದಿನ, ಹೇಳಿಬಿಟ್ಟು ತಾವೇ ನಾಲಿಗೆ ಕಚ್ಚಿಕೊಂಡರು, ನಾನು ನಕ್ಕೆ, ಅವರ ಬಾಯಿ ಅಷ್ಟೆ, ಸುಟ್ಟ ಅಂಗಿಯ ಬಗ್ಗೆ ಒಂದು ಮಾತು ಆಡಲಿಲ್ಲ ಮನುಷ್ಯ.

ನಿಮಗೆ ಶುಗರ್ ಇಲ್ಲ, ಬಿಪಿ ಇಲ್ಲ, ಅಷ್ಟೇನೂ ವಯಸ್ಸೂ ಆಗಿಲ್ಲ, ಕಣ್ಣಿನ ನಾಳದಲ್ಲಿ ಯಾಕೆ ಹೆಪ್ಪುಗಟ್ತು, ಅಂತ ಡಾಕ್ಟರಮ್ಮ ಆಗಲೇ ಕೇಳಿದ್ದರು, ನನ್ನನ್ನಲ್ಲ, ತಮ್ಮನ್ನೇ ಕೇಳಿಕೊಂಡ ಹಾಗೆ, ಕಂಪ್ಯೂಟರಿನಲ್ಲಿ ಏನೋ ಬಡಿಯುತ್ತ ತಲೆ ಎತ್ತದೆ, ಮಕ್ಕಳೆಷ್ಟು ಅಮ್ಮ? ಇಲ್ಲ. ಆಗ್ಲೇ ಇಲ್ವಾ, ಅಥವಾ ಆಗಿ ಹೋದ್ವಾ? — ಕಣ್ಣಿನ ಡಾಕ್ಟರಿಗೆ ಯಾಕೆ ಬೇಕು ಈ ವಿಷಯ, ಸಿಟ್ಟು ಬಂತು, ಬಾಗಿಲ ಬಳಿ ಅಕ್ಕ ಕೂತಿದ್ದಳು, ಅವಳೇ ಹೇಳಿದಳು, ಮೂರು ಸಲ ಆಗಿತ್ತು ಡಾಕ್ಟ್ರೇ, ಮೂರೂ ಹೋದ್ವು. ಆಗ ಡಾಕ್ಟರಮ್ಮ ಬಡಿಯುವುದು ನಿಲ್ಲಿಸಿದರು, ತಲೆ ಎತ್ತಿದರು, ಮುಖದಲ್ಲಿ ಒಂದು ಥರ ಬೆಳಕು, ಕಳೆದುಹೋದ ಕೀಲಿಕೈ ಸಿಕ್ಕಿದವರಿಗೆ ಬರುತ್ತದಲ್ಲ ಅಂಥದ್ದು, ಮರುಕ್ಷಣ ಆ ಬೆಳಕಿಗೆ ತಾವೇ ನಾಚಿಕೊಂಡ ಹಾಗೆ ಆರಿಸಿದರು, ಎಷ್ಟೆಷ್ಟು ತಿಂಗಳಿಗೆ ಅಮ್ಮ, ಅಂದರು ಮೆಲ್ಲಗೆ. ರಕ್ತ ತೆಗೆದುಕೊಂಡರು, ಏನೋ ಉದ್ದನೆಯ ಹೆಸರಿನ ಪರೀಕ್ಷೆ, ಒಂದು ಸಲ ಇದೆ ಅಂತ ಬಂದರೆ ಸಾಲದು, ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ನೋಡಿದರೇ ಖಾತ್ರಿ, ಅಂದರು. ಸೂಜಿ ಚುಚ್ಚಿದರೆ ನನ್ನ ರಕ್ತ ತಟ್ಟನೆ ನಿಂತುಬಿಡುತ್ತೆ ಡಾಕ್ಟ್ರೇ, ಇಷ್ಟು ವರ್ಷದಲ್ಲಿ ಒಬ್ಬರ ಬಟ್ಟೆಗೂ ಕಲೆ ಮಾಡಿದವಳಲ್ಲ, ಅದೇನಾ ಇದು, ಅಂತ ಕೇಳಿದೆ, ನಕ್ಕರು, ಅದಲ್ಲಮ್ಮ, ಅದು ಎಲ್ಲರಿಗೂ ಹಾಗೇ. ಇಷ್ಟು ವರ್ಷ ಹೆಮ್ಮೆಪಟ್ಟುಕೊಂಡಿದ್ದೆ.

ಇವತ್ತು ಎರಡನೇ ರಿಪೋರ್ಟು ಬಂದಿದೆ. ಕುರ್ಚಿ ತಿರುಗಿಸಿಕೊಂಡು ನನ್ನ ಎದುರಿಗೇ ಕೂರುತ್ತಾರೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ, ಎರಡು ಸಲವೂ ಬಂದಿದೆ ಅಮ್ಮ, ನಿಮ್ಮ ರಕ್ತಕ್ಕೆ ಬೇಗ ಹೆಪ್ಪುಗಟ್ಟೋ ಗುಣ ಇದೆ, ಮೊದಲಿಂದಲೂ ಇದ್ದಿರಬೇಕು, ಕಣ್ಣಿಗೆ ಬಂದಿದ್ದು ಇದರಿಂದಲೇ, ಇನ್ನೊಂದು ಕಣ್ಣಿಗೆ, ಕಾಲಿಗೆ, ತಲೆಗೆ ಬರಬಾರದು ಅಂತ ರಕ್ತ ತೆಳ್ಳಗೆ ಮಾಡೋ ಮಾತ್ರೆ ಕೊಡಿಸ್ತೀನಿ, ರಕ್ತದ ಡಾಕ್ಟರ ಹತ್ರ ಕಳಿಸ್ತೀನಿ — ತಲೆ ಆಡಿಸುತ್ತಿದ್ದೇನೆ, ಹೂಂ ಹೂಂ — ಮತ್ತೆ ಅಮ್ಮ, ಆ ಮೂರು, ಅಂತ ನಿಲ್ಲಿಸುತ್ತಾರೆ. ನಿಲ್ಲಿಸಿದ್ದೇ ಸಾಕಿತ್ತು. ಆ ಮೂರೂ ಇದೇ ಇರಬೇಕು ಅಮ್ಮ, ಮಗುವಿಗೆ ರಕ್ತ ಹೋಗೋದು ಮಾಸಿನ ಮೂಲಕ, ಅದರ ಸಣ್ಣ ಸಣ್ಣ ನಾಳದಲ್ಲಿ ಹೆಪ್ಪುಗಟ್ಟಿದ್ರೆ ಮಗುವಿಗೆ ಊಟವೂ ಇಲ್ಲ ಉಸಿರೂ ಇಲ್ಲ, ಬೆಳೆಯೋದು ನಿಂತುಹೋಗುತ್ತೆ. ಇಲ್ಲ, ಅನ್ನುತ್ತೇನೆ ನಾನು, ಬಾಯಿ ತಾನೇ ಅನ್ನುತ್ತದೆ, ಮೊದಲಿನೆರಡು ಹಾಗಿರಬಹುದು, ಮೂರನೇದು ಅಲ್ಲ ಡಾಕ್ಟ್ರೇ, ಮೂರನೇದು ಸ್ಕೂಟರಿಂದ.

ಏಳನೇ ತಿಂಗಳು. ಬಸ್ಸಿನಲ್ಲಿ ನೂಕುನುಗ್ಗಲು, ಅದರಲ್ಲಿ ನೀನು ನಿಂತ್ಕೊಂಡು ಹೋಗೋದು ಬೇಡ, ನಾನೇ ಬಿಟ್ಟು ನಾನೇ ಕರ್ಕೊಂಡು ಬರ್ತೀನಿ, ಅಂದಿದ್ದರು ಅವರು, ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿ ಬರೆದುಕೊಳ್ಳುವ ಕೆಲಸ ಅವರದು, ಅದಕ್ಕೇ ಕೊಂಡ ಸ್ಕೂಟರು, ಹಸಿರು ಬಣ್ಣ, ಹಿಂದಿನ ಸೀಟಿಗೆ ನನಗಾಗಿ ಹಳೇ ದಿಂಬು ಕತ್ತರಿಸಿ ಮೆತ್ತೆ ಹೊಲಿಸಿಕೊಂಡಿದ್ದರು, ನನ್ನ ಕೈಯಲ್ಲೇ. ಲಾಂಡ್ರಿಯಿಂದ ಮನೆಗೆ ಬರುವಾಗ ಪೈಪಿಗಾಗಿ ರಸ್ತೆ ಅಗೆದು ಅರ್ಧಂಬರ್ಧ ಮುಚ್ಚಿದ್ದರು, ನೀರು ನಿಂತು ಗುಂಡಿ ರಸ್ತೆಯ ಹಾಗೇ ಕಾಣುತ್ತಿತ್ತು, ಧಡ್ ಅಂತ ಒಂದು ಸಲ, ಅಷ್ಟೇ, ನಾನು ಬೀಳಲೂ ಇಲ್ಲ. ಅವರು ನಿಲ್ಲಿಸಿ ಇಳಿದರು, ಮುಖದಲ್ಲಿ ರಕ್ತವೇ ಇರಲಿಲ್ಲ, ಏನೂ ಆಗ್ಲಿಲ್ಲ ತಾನೆ, ಏನೂ ಆಗ್ಲಿಲ್ಲ ತಾನೆ, ಅಂತ, ಆ ಮುಖ ನೋಡಲಾರದೆ ನಗಿಸೋಣ ಅಂತ ಹೊಟ್ಟೆ ಮುಟ್ಟಿ ಹೇಳಿದೆ, ನಿಮ್ಮ ಮಗಳು ಒಳಗಿಂದ ಒದ್ದು ಒದ್ದು ಬೈತಾ ಇದಾಳೆ, ಯಾರ್ರೀ ನಿಮಗೆ ಲೈಸೆನ್ಸ್ ಕೊಟ್ಟೋರು ಅಂತ. ನಕ್ಕರು ಅವರು. ಅಲ್ಲಿಂದ ಮನೆ ತನಕ ನಡೆಯುವವರಿಗಿಂತ ನಿಧಾನವಾಗಿ ಓಡಿಸಿಕೊಂಡು ಬಂದರು. ಎರಡು ದಿನ ಬಿಟ್ಟು ಆಸ್ಪತ್ರೆಯಲ್ಲಿ, ಹೊಟ್ಟೆಯ ಮೇಲೆ ಯಂತ್ರ ಇಟ್ಟ ನರ್ಸು ಅದನ್ನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಸರಿಸುತ್ತಲೇ ಇದ್ದರು, ಮನೆಯಲ್ಲಿ ಏನೋ ಹುಡುಕುವವರ ಹಾಗೆ, ಆಮೇಲೆ ಹುಡುಕುವುದು ಬಿಟ್ಟರು. ಹೆತ್ತೆ. ಹೆಣ್ಣು. ಕೆಲವೊಮ್ಮೆ ಹೀಗಾಗುತ್ತೆ, ಅಂದರು ಅಲ್ಲಿಯ ಡಾಕ್ಟರು, ಅವರ ಮಾತು ಹೊರಗೆ ಕಾರಿಡಾರಿಗೆ ತಲುಪುವ ಮೊದಲೇ ಅಕ್ಕನ ಮಾತು ಕೇಳಿಸಿತು ನನಗೆ, ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ, ಬಸುರಿ ಹೆಂಗಸನ್ನ ಕೂರಿಸ್ಕೊಂಡು ರಸ್ತೆ ನೋಡ್ಕೊಂಡು ಓಡ್ಸಕ್ಕಾಗಲ್ವಾ ನಿಮಗೆ, ಕಣ್ಣು ಎಲ್ಲಿತ್ತು? ಅವರು ಏನಂದರು ಅಂತ ಕೇಳಿಸಿಕೊಳ್ಳಲು ಉಸಿರು ಬಿಗಿಹಿಡಿದೆ. ಅವರ ಚಪ್ಪಲಿಯ ಸದ್ದು ಕಾರಿಡಾರಿನ ಆ ತುದಿಗೆ ಹೋಯಿತು.

ಮಗು ಎಷ್ಟಿತ್ತು ಅಮ್ಮ, ಡಾಕ್ಟರಮ್ಮ ಕೇಳುತ್ತಿದ್ದಾರೆ, ತೂಕ ನೆನಪಿದೆಯಾ? ತೂಕ ಗೊತ್ತಿಲ್ಲ, ಕೈ ನೆನಪಿದೆ, ಎರಡು ಅಂಗೈಗೆ ಬಂತು, ನನ್ನ ಎರಡು ಅಂಗೈ ಜೋಡಿಸಿದರೆ ಅದರೊಳಗೆ ಬಂದುಬಿಟ್ಟಳು, ಕಾಲು ಮಾತ್ರ ಮಣಿಕಟ್ಟಿನ ಮೇಲೆ. ಏಳು ತಿಂಗಳ ಮಗು ಹಾಗೆ ಬರಲ್ಲಮ್ಮ, ಅದು ಐದು ತಿಂಗಳಿನ ಅಳತೆ, ಅಂದ್ರೆ ಅದಕ್ಕೂ ಎಷ್ಟೋ ದಿನ ಮೊದಲೇ ಬೆಳೆಯೋದು ನಿಂತಿತ್ತು, ಸ್ಕೂಟರ್ ಒಂದು ಸಲ ಕುಲುಕಿದ್ದಕ್ಕೆ ಮಗು ಚಿಕ್ಕದಾಗಲ್ವಲ್ಲ. ಹೇಳುತ್ತ ಹೇಳುತ್ತ ನನ್ನ ಕೈ ಹಿಡಿದುಕೊಂಡಿದ್ದಾರೆ, ನೂರಕ್ಕೆ ನೂರು ಅಂತ ನಾನು ಯಾವುದನ್ನೂ ಹೇಳಲ್ಲ ಅಮ್ಮ, ಆದ್ರೆ ಇದನ್ನ ಹೇಳ್ತೀನಿ, ಆ ಗುಂಡಿಯಿಂದಲ್ಲ. ಅದಕ್ಕೂ ಮುಂಚೆ ಮಗು ಚೆನ್ನಾಗಿ ಆಡ್ತಿತ್ತಾ? ಆಡ್ತಿತ್ತು ಅನ್ನಲು ಬಾಯಿ ತೆರೆದೆ — ಆಡುತ್ತಿತ್ತಾ? ಆ ವಾರವೆಲ್ಲ ಸುಮ್ಮನಿದ್ದಳು, ಬೆಳೆದಿದ್ದಾಳೆ, ಒಳಗೆ ಜಾಗ ಸಾಲುತ್ತಿಲ್ಲ, ನಿದ್ದೆಗಣ್ಣಿ, ಅಪ್ಪನ ಹಾಗೇ, ಅಂದುಕೊಂಡಿದ್ದೆ. ಗುಂಡಿಯ ಹತ್ತಿರ ಹೊಟ್ಟೆ ಮುಟ್ಟಿದಾಗ ಒಳಗೆ ಏನೂ ಆಗಿರಲಿಲ್ಲ, ಯಾರೂ ಒದ್ದಿರಲಿಲ್ಲ, ನಾನು ಸುಮ್ಮನೆ ಹೇಳಿದ್ದು, ಅವರನ್ನು ನಗಿಸಲು. ನಂಬಿದರಲ್ಲ ಅವರು. ಅಲ್ಲಿಯ ತನಕ ಮಗಳು ಜೀವಂತ ಇದ್ದಳು, ಒದೆಯುತ್ತಿದ್ದಳು, ಬೈಯುತ್ತಿದ್ದಳು ಅಂತ ನಂಬಿಕೊಂಡೇ ಬದುಕಿದರಲ್ಲ.

ಬಾಗಿಲ ಬಳಿ ಕೂತು ಎಲ್ಲ ಕೇಳಿಸಿಕೊಂಡ ಅಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾಳೆ, ಆಸ್ಪತ್ರೆಯ ಮೆಟ್ಟಿಲು, ಹೋಗುವವರು ಬರುವವರು ಅವಳನ್ನು ಸುತ್ತಿಕೊಂಡು ಹೋಗುತ್ತಿದ್ದಾರೆ, ಏಳು ಅಕ್ಕ, ಜನ ನೋಡ್ತಾರೆ, ನೋಡ್ಲಿ ಬಿಡು, ನಾನೇನಂದೆ ಗೊತ್ತೇನೇ ಅವರಿಗೆ ಅವತ್ತು, ಗೊತ್ತು ಅಕ್ಕ, ನಿನಗೆ ಹೇಗೆ ಗೊತ್ತು, ಬಾಗಿಲು ತೆರೆದಿತ್ತು. ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವತ್ತಿಂದ ಅವರು ನನ್ನ ಮುಖ ನೋಡಿ ಮಾತಾಡಿದ್ದೇ ಇಲ್ಲ ಕಣೆ, ನಾನು ಏನಂದ್ಕೊಂಡಿದ್ದೆ, ಗಂಡಸಿಗೆ ಸೊಕ್ಕು ಅಂದ್ಕೊಂಡಿದ್ದೆ. ಸೊಕ್ಕು! ಅವರಿಗೆ. ಹೋಟೆಲಿನಲ್ಲಿ ಚಹಾದಲ್ಲಿ ನೊಣ ಬಿದ್ದಿದ್ದರೂ ಮಾಣಿಗೆ ಬೇಜಾರಾದೀತು ಅಂತ ಸದ್ದಿಲ್ಲದೆ ತೆಗೆದು ಕುಡಿಯುವ ಮನುಷ್ಯ. ಅಕ್ಕ ಸೆರಗಿನೊಳಗೆ ಮುದುಡಿಕೊಂಡು ಅಳುತ್ತಿದ್ದಾಳೆ, ಅವಳ ಬೆನ್ನು ಸವರುತ್ತಿದ್ದೇನೆ, ನೀನೊಬ್ಬಳೇ ಅಲ್ಲ ಅಕ್ಕ ಅನ್ನಬೇಕು, ಅನ್ನಲಾರೆ, ನೀನು ಬೈದೆ, ನಾನು ಇನ್ನೂ ದೊಡ್ಡದು ಮಾಡಿದೆ, ನಾನು ಕ್ಷಮಿಸಿದೆ. ಬೈದರೆ ಮನುಷ್ಯ ಎದುರು ನಿಂತು ಅಲ್ಲ ಅನ್ನಬಹುದು, ಕ್ಷಮಿಸಿದರೆ ಏನು ಮಾಡಬೇಕು.

ಅದು ಅವರಿಗೆ ಜ್ವರ ಬಂದಿದ್ದ ದಿನ, ಮಗಳು ಹೋಗಿ ಎಷ್ಟೋ ವರ್ಷವಾಗಿತ್ತು, ಸ್ಕೂಟರು ಮಾರಿ ನಡೆಯಲು ಶುರು ಮಾಡಿ ಅವರ ಎರಡೂ ಕಾಲಿನ ಬೆರಳುಗಳು ಸೊಟ್ಟಗಾಗಿದ್ದವು, ಆಫೀಸಿನವರೆಲ್ಲ ಹನ್ನೊಂದನೇ ನಂಬರ್ ಬಸ್ಸು ಅಂತ ಕರೆಯುತ್ತಿದ್ದರು, ಎರಡು ಕಾಲು ಜೋಡಿಸಿದರೆ ಹನ್ನೊಂದಲ್ಲವೇ, ಅವರೂ ನಗುತ್ತಿದ್ದರು, ಡೀಸೆಲ್ ಬೇಡ ಕಂಡಕ್ಟರ್ ಬೇಡ ಅನ್ನುತ್ತಿದ್ದರು. ಬೀದಿ ಬೀದಿ ನಡೆದು, ಮನೆ ಮನೆಯ ಮೀಟರು ಓದಿ, ಸಂಜೆ ನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ನನಗೆ ವರದಿ, ಹಾಲಿನ ಡಿಪೋ ಹಿಂದಿನ ಮನೆಲಿ ಮಗು ಹುಟ್ಟಿದೆ ಕಣೆ, ನಿನಗೆ ಯಾರು ಹೇಳಿದ್ರು, ಯಾರು ಹೇಳ್ಬೇಕು, ಯೂನಿಟ್ ನೋಡಿದ್ರೆ ಗೊತ್ತಾಗುತ್ತೆ, ರಾತ್ರಿಯೆಲ್ಲ ದೀಪ ಉರಿದಿದೆ — ಅಲ್ಲ, ನಾನು ನಿನಗೆ ಅನ್ನುವುದಿಲ್ಲ ಅವರಿಗೆ, ನಿಮಗೆ ಯಾರು ಹೇಳಿದ್ರು ಅಂದಿದ್ದು, ಮನಸ್ಸಿನಲ್ಲಿ ಮಾತ್ರ ಈಗೀಗ ಏಕವಚನ ಬರುತ್ತದೆ, ಹೋದವರಿಗೆ ಮರ್ಯಾದೆ ಯಾಕೆ ಕಡಿಮೆಯಾಗುತ್ತದೋ, ಹತ್ತಿರವಾಗುತ್ತಾರೇನೋ — ಹೇಳಿ ಮುಗಿಸಿ ಬಕೆಟ್ಟಿನ ನೀರು ನೋಡುತ್ತಿದ್ದರು. ಗುಂಡಿ ಅನ್ನುವ ಮಾತನ್ನೇ ಬಿಟ್ಟಿದ್ದರು. ಅಂಗಿಯ ಗುಂಡಿ ಬಿದ್ದರೂ ಬಟನ್ನು ಹೋಗಿದೆ ಕಣೆ ಅನ್ನುವರು, ನಾನು ದಿನವಿಡೀ ಗುಂಡಿ ಹೊಲಿಯುವವಳು, ನಾನೂ ಮನೆಗೆ ಬಂದರೆ ಬಟನ್ನು ಅನ್ನಲು ಕಲಿತೆ, ಇಬ್ಬರೂ ಆ ಮಾತಿನ ಸುತ್ತ ಬಳಸಿಕೊಂಡು ನಡೆಯುತ್ತಿದ್ದೆವು. ಆ ಜ್ವರದ ಮಧ್ಯಾಹ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆ, ಕಣ್ಣು ಮುಚ್ಚಿಕೊಂಡೇ ಅಂದರು, ನೀರು ನಿಂತಿತ್ತು ಕಣೆ, ಗುಂಡಿ ನನಗೆ ಕಾಣ್ಲಿಲ್ಲ. ಅಷ್ಟು ವರ್ಷದಲ್ಲಿ ಮೊದಲನೇ ಸಲ. ನಾನು ಏನನ್ನಬೇಕಿತ್ತು? ನಿಮ್ಮದೇನು ತಪ್ಪು ಅನ್ನಬೇಕಿತ್ತು, ಅದನ್ನೇ ಕಾಯುತ್ತಿದ್ದರು, ರೆಪ್ಪೆ ನಡುಗುತ್ತಿತ್ತು, ನಾನು ದೊಡ್ಡ ಮನಸ್ಸು ಮಾಡಿದೆ, ಆಯ್ತು ಬಿಡಿ, ನಾನು ನಿಮ್ಮನ್ನ ಯಾವತ್ತೋ ಕ್ಷಮಿಸಿದೀನಿ ಅಂದೆ. ಪ್ರೀತಿಯಿಂದಲೇ ಅಂದೆ. ರೆಪ್ಪೆ ನಡುಗುವುದು ನಿಂತಿತು. ಹೂಂ, ಅಂದರು. ಸಮಾಧಾನವಾಯಿತು ಪಾಪ ಅಂದುಕೊಂಡು ಬಟ್ಟೆ ತಿರುವಿ ಹಾಕಿದೆ. ಮಾಡದ ತಪ್ಪಿಗೆ ಕ್ಷಮೆ ಕೊಟ್ಟು, ಆ ತಪ್ಪನ್ನು ಅವರ ಹೆಸರಿಗೇ ಬರೆದುಕೊಟ್ಟೆ. ಮತ್ತೆ ಆ ಮಾತು ತೆಗೆಯಲಿಲ್ಲ ಅವರು, ಕೊನೆಗೆ ಯಾರದೋ ಮನೆಯ ಮುಂದೆ ಮೀಟರಿನ ಕೆಳಗೆ ಕೂತವರು ಏಳಲಿಲ್ಲ, ಆ ಮನೆಯವರು ನೀರು ತರುವಷ್ಟರಲ್ಲಿ ಎದೆ ನಿಂತಿತ್ತು.

ಅಕ್ಕನನ್ನು ಆಟೋ ಹತ್ತಿಸಿದೆ. ನೀನೂ ಬಾರೇ, ಒಬ್ಬಳೇ ಹೇಗೆ ಹೋಗ್ತೀಯ, ಒಂದು ಕಣ್ಣಿದೆಯಲ್ಲ ಅಕ್ಕ, ನಡ್ಕೊಂಡು ಬರ್ತೀನಿ, ಹಟಮಾರಿ ನೀನು, ಹೂಂ, ಹೋಗಿ ಮುಖ ತೊಳ್ಕೊಂಡು ಏನಾದ್ರೂ ತಿನ್ನು. ಔಷಧಿ ಅಂಗಡಿಯವನು ಮಾತ್ರೆ ಕೊಡುತ್ತ ಇವು ತಗೊಳ್ಳೋವಾಗ ಕೈಗೀಯಿಗೆ ಗಾಯ ಮಾಡ್ಕೋಬೇಡಿ ಅಮ್ಮ, ರಕ್ತ ಬೇಗ ನಿಲ್ಲಲ್ಲ ಅನ್ನುತ್ತಾನೆ, ಆಗಲಿ ಅನ್ನುತ್ತೇನೆ, ಸೂಜಿಯ ಕೆಲಸದವಳು ಅಂತ ಹೇಳಲು ಹೋಗುವುದಿಲ್ಲ. ಆ ಕಾಲದಲ್ಲೂ ಇತ್ತಂತೆ ಇದಕ್ಕೆ ಮದ್ದು, ಡಾಕ್ಟರಮ್ಮ ಹೇಳಬಾರದು ಅಂತಲೇ ಇದ್ದರು, ನಾನೇ ಬಿಡದೆ ಕೇಳಿದೆ, ಇತ್ತಮ್ಮ, ಗೊತ್ತಾಗಿದ್ದಿದ್ರೆ ಕೊಡಬಹುದಿತ್ತು, ಉಳೀತಿತ್ತಾ, ಉಳಿಯೋ ಸಾಧ್ಯತೆ ಇತ್ತು. ಅದು ನನ್ನ ದುಃಖ, ಅದನ್ನು ಮನೆಗೆ ಹೋಗಿ ನೋಡಿಕೊಳ್ಳುತ್ತೇನೆ, ಅದಕ್ಕೆ ಆಯುಷ್ಯವಿಡೀ ಇದೆ. ಇದು ಬೇರೆ. ಇದನ್ನು ಒಬ್ಬರಿಗೆ ಹೇಳಬೇಕು, ಒಬ್ಬರಿಗೇ, ಬೇರೆ ಯಾರಿಗೆ ಹೇಳಿದರೂ ಪ್ರಯೋಜನವಿಲ್ಲ. ಫುಟ್‌ಪಾತಿನ ಎಡಗಡೆ ನನಗಿಲ್ಲ, ಎಡಗಡೆಯಿಂದ ಬರುವವರು ಶೂನ್ಯದಿಂದ ಉದುರಿದ ಹಾಗೆ ಎದುರಾಗುತ್ತಾರೆ, ನೋಡ್ಕೊಂಡು ಹೋಗಮ್ಮಾ ಅಂತ ಒಬ್ಬರು ರೇಗುತ್ತಾರೆ, ಅವರಿದ್ದಿದ್ದರೆ ಎಡಗಡೆ ನಡೆಯುತ್ತಿದ್ದರು, ಹೇಳದೆಯೇ ಆ ಕಡೆಗೆ ಬಂದುಬಿಡುತ್ತಿದ್ದರು, ರೀ, ಅನ್ನುತ್ತೇನೆ ಎಡಗಡೆಗೆ, ಬಾಯಿಬಿಟ್ಟೇ ಅನ್ನುತ್ತೇನೆ, ರೀ ಕೇಳಿ, ಆ ಗುಂಡಿಯಿಂದಲ್ಲ, ಅವಳು ಅದಕ್ಕೂ ಮೊದಲೇ, ನನ್ನ ರಕ್ತ ಕಣ್ರೀ, ನೀವಲ್ಲ, ಒದ್ದಳು ಅಂದೆನಲ್ಲ ಅದು ಸುಳ್ಳು, ನಿಮ್ಮನ್ನ ನಗಿಸೋಕೆ, ಕೇಳಿಸ್ತಾ — ಎಡಗಡೆ ಯಾರೂ ಇಲ್ಲ, ಅಥವಾ ಇದ್ದರೂ ನನಗೆ ಕಾಣುವುದಿಲ್ಲ, ಎರಡೂ ಒಂದೇ.

ಸ್ಕೂಟರು ಮಾರಿದ ದಿನ. ಕೊಳ್ಳುವವನ ಮನೆ ಊರಿನ ಆ ತುದಿಗೆ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಓಡಿಸಿಕೊಂಡೇ ಹೋಗಿ ಕೊಟ್ಟು ಬರಬಹುದು. ನಾನು ಬಾಣಂತಿ ಹಾಸಿಗೆಯಿಂದ ಎದ್ದು ಬಂದು ಕಿಟಕಿಯಲ್ಲಿ ನಿಂತಿದ್ದೇನೆ, ಅವರಿಗೆ ಗೊತ್ತಿಲ್ಲ. ಸ್ಟ್ಯಾಂಡ್ ತೆಗೆಯುತ್ತಾರೆ, ಹತ್ತುವುದಿಲ್ಲ. ತಳ್ಳುತ್ತಾರೆ. ಎಡಗೈ ಹ್ಯಾಂಡಲಿನ ಮೇಲೆ, ಬಲಗೈ ಹಿಂದೆ, ನಾನು ಹೊಲಿದ ಮೆತ್ತೆಯ ಮೇಲೆ. ಬೀದಿಯ ತಿರುವಿನಲ್ಲಿ ಹಂಪು ಇದೆ, ಅಲ್ಲಿ ನಿಲ್ಲುತ್ತಾರೆ, ಮುಂದಿನ ಚಕ್ರ ಮೆಲ್ಲಗೆ ಹತ್ತಿಸಿ, ಮೆಲ್ಲಗೆ ಇಳಿಸಿ, ಆಮೇಲೆ ಹಿಂದಿನ ಚಕ್ರ, ಇನ್ನೂ ಮೆಲ್ಲಗೆ, ಬೆನ್ನು ಬಗ್ಗಿಸಿ ಭಾರವನ್ನೆಲ್ಲ ತಾವೇ ತೆಗೆದುಕೊಂಡು, ಸೀಟಿನ ಮೇಲೆ ಯಾರೂ ಇಲ್ಲ, ಬಲಗೈ ಬಿಡುತ್ತಿಲ್ಲ, ಚಕ್ರ ಇಳಿಯಿತು, ಇಳಿದ ಮೇಲೂ ಬಿಡುತ್ತಿಲ್ಲ, ಮೆತ್ತೆಯ ಮೇಲೆ ಆ ಕೈ, ಕುಲುಕದ ಹಾಗೆ, ಖಾಲಿ ಸೀಟು ಕುಲುಕದ ಹಾಗೆ, ಆ ಕೈ —